ಒಂದೇ ಹೆಸರಿನ ಎರಡು ಮನೆ

ಮೊನ್ನೆ ರೋಣದ ಸಂತೆಯಿಂದ ನನ್ನ ಹೆಂಡತಿ ಶಾಂತವ್ವ ಎಳೆಯ ಕಡಲೆ ಸೊಪ್ಪು ತಂದು ಅಡುಗೆಮನೆಯಲ್ಲಿ ಹರವಿದಳು. ಕಡಲೆ ಗಿಡದ ಮೇಲೆ ಬೆಳಗಿನ ಇಬ್ಬನಿ ಕೂತರೆ ಅದಕ್ಕೊಂದು ಹುಳಿ ಹತ್ತುತ್ತದೆ. ಕಿತ್ತು ಎಷ್ಟೋ ಹೊತ್ತಾದರೂ ಆ ಹುಳಿ ವಾಸನೆ ಸೊಪ್ಪನ್ನು ಬಿಡುವುದಿಲ್ಲ. ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದ ನನ್ನ ಮೂಗಿಗೆ ಅದು ಬಡಿಯಿತು. ಪತ್ರಿಕೆ ಮಡಚಿಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಶಾಂತವ್ವ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು. ಒಳಗೆ ಹೋಗಿ ಸೊಪ್ಪನ್ನು ಹಿತ್ತಲಿಗೆ ಒಯ್ದಳು.

ಮೂರು ವರ್ಷದ ಹಿಂದಿನ ಹಿಂಗಾರಿ ಅದು. ಆ ಒಂದು ಹಂಗಾಮಿನಲ್ಲಿ ನಾನು ಹೆದರಿದಷ್ಟು, ಸೈನ್ಯದಲ್ಲಿದ್ದ ಇಪ್ಪತ್ತಾರು ವರ್ಷ ಕೂಡಿಸಿದರೂ ಹೆದರಿಲ್ಲ.

ಸೈನ್ಯ ಅಂದೊಡನೆ ಜನ ಬೇರೆ ಏನೋ ಕಲ್ಪಿಸಿಕೊಳ್ಳುತ್ತಾರೆ. ನಾನು ಬಂದೂಕಿಗಿಂತ ಟೈಪ್‌ರೈಟರ್ ಹಿಡಿದದ್ದೇ ಹೆಚ್ಚು. ಗುಮಾಸ್ತನಾಗಿ ಸೇರಿ, ಸೈನಿಕರ ದಾಖಲೆ ಇಡುವ ಕಚೇರಿಯಲ್ಲೇ ಬಹಳ ವರ್ಷ ಕಳೆದು, ನಾಯಬ್ ಸುಬೇದಾರನಾಗಿ ನಿವೃತ್ತನಾದವನು. ಗಾಯಗೊಂಡವರ, ತೀರಿಕೊಂಡವರ ಮನೆಗೆ ಹೋಗುವ ಪತ್ರಗಳನ್ನು ನಾನೇ ಟೈಪ್ ಮಾಡುತ್ತಿದ್ದೆ. ಹೆಸರು, ನಂಬರು, ಊರು ಬದಲಾಗುತ್ತಿದ್ದವು, ಉಳಿದ ಸಾಲುಗಳು ಅವೇ. ಟೈಪ್ ಮಾಡಿ, ಸಹಿಗೆ ಕಳಿಸಿ, ಊಟಕ್ಕೆ ಹೋಗುತ್ತಿದ್ದೆ. ಆ ಪತ್ರ ಯಾರ ಕೈಗೆ ಮುಟ್ಟಿತು, ಮುಟ್ಟಿದಾಗ ಆ ಕೈ ಏನು ಮಾಡಿತು ಅನ್ನುವುದು ನನಗೆ ಒಮ್ಮೆಯೂ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ.

ಊರಿಗೆ ಬಂದ ಮೇಲೆ ರೋಣ, ನರಗುಂದ, ಗಜೇಂದ್ರಗಡದ ಮಾಜಿ ಸೈನಿಕರು ಕೂಡಿ, ಕಾಗದ ಪತ್ರ ಗೊತ್ತಿದ್ದವನು ಅಂತ ನನ್ನನ್ನೇ ಹಿಡಿದರು. ಯಾವ ಸೈನಿಕನ ಮನೆಗೆ ಏನು ಬೇಕು, ಅದು ಯಾವ ಕಚೇರಿಯಲ್ಲಿ ಸಿಗುತ್ತದೆ, ಎರಡನ್ನೂ ಕೂಡಿಸುವುದು ನನ್ನ ಕೆಲಸ. ರೋಣದ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಕೊಟ್ಟರು. ಸೋಮವಾರ ರೋಣ, ಬುಧವಾರ ನರಗುಂದ, ಶುಕ್ರವಾರ ಗಜೇಂದ್ರಗಡ. ಪಿಂಚಣಿದಾರರು ವರ್ಷಕ್ಕೊಮ್ಮೆ ಬದುಕಿದ್ದೇವೆಂದು ತೋರಿಸಬೇಕಲ್ಲ, ಅದಕ್ಕೆ ಯಂತ್ರದ ಮೇಲೆ ಹೆಬ್ಬೆರಳು ಒತ್ತಬೇಕು. ಹೊಲದಲ್ಲಿ ದುಡಿದು ದುಡಿದು ಮುದುಕಿಯರ ಬೆರಳಿನ ಗೆರೆಯೇ ಅಳಿಸಿಹೋಗಿರುತ್ತಿತ್ತು. ಯಂತ್ರ ಅವರನ್ನು ಒಪ್ಪುತ್ತಿರಲಿಲ್ಲ. ಒಬ್ಬ ಅಜ್ಜಿ ಬೆರಳಿಗೆ ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ಒತ್ತಿ, ಆರನೇ ಸಲಕ್ಕೆ ಹಸಿರು ದೀಪ ಬಂದಾಗ, "ನೋಡ್ರಿ, ಇನ್ನಾ ಸತ್ತಿಲ್ಲ" ಅಂತ ಕೋಣೆಯಲ್ಲಿದ್ದವರನ್ನೆಲ್ಲ ನಗಿಸಿದ್ದಳು. ಅಂಥ ಕೆಲಸ. ದವಾಖಾನೆಯ ಕಾರ್ಡು, ಕಿವಿಯ ಯಂತ್ರ, ಮಕ್ಕಳ ಶಾಲೆಯ ಅರ್ಜಿ. ಜನ ನನ್ನನ್ನು ಸುಬೇದಾರ ಕಾಕಾ ಅನ್ನುತ್ತಿದ್ದರು. ಯಾವ ಓಣಿಗೆ ಹೋದರೂ ಚಹಾ ತಪ್ಪುತ್ತಿರಲಿಲ್ಲ.

ಆ ವರ್ಷ ದೀಪಾವಳಿ ಕಳೆಯುತ್ತಿದ್ದಂತೆ ಗಡಿಯಲ್ಲಿ ಗದ್ದಲ ಎದ್ದಿತು. ಟಿವಿಯಲ್ಲಿ ದಿನಾ ಅದೇ ಸುದ್ದಿ. ರಜೆಯಲ್ಲಿ ಬಂದಿದ್ದ ಹುಡುಗರಿಗೆ ಕರೆ ಬಂದು, ಉಂಡ ತಾಟು ತೊಳೆಯುವ ಮುಂಚೆ ಹೊರಟರು. ಮುಂದೆ ಇದ್ದವರ ಫೋನು ವಾರಗಟ್ಟಲೆ ಬಂದ್ ಇರುತ್ತಿದ್ದವು. ಆಗ ನನಗೊಂದು ವಿಚಿತ್ರ ಅನುಭವ ಆಗತೊಡಗಿತು. ನಾನು ಓಣಿಯಲ್ಲಿ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಕಟ್ಟೆಯ ಮೇಲೆ ಕೂತ ಹೆಂಗಸರು ಎದ್ದು ಒಳಗೆ ಹೋಗುತ್ತಿದ್ದರು. ನರಗುಂದದಲ್ಲಿ, ಮೊಮ್ಮಗ ಸೈನ್ಯದಲ್ಲಿದ್ದ ಒಬ್ಬ ಮುದುಕಿ ನನ್ನನ್ನು ದೂರದಿಂದ ನೋಡಿದವಳೇ ಬಾಗಿಲು ಹಾಕಿಕೊಂಡು ಒಳಗಿನಿಂದಲೇ ಕೂಗಿದಳು:

"ನೀ ಬರಬ್ಯಾಡಪಾ! ಏನಿದ್ರೂ ಫೋನ್ ಮಾಡು. ಹೊಸ್ತಿಲ ತುಳಿಬ್ಯಾಡ!"

"ಯವ್ವಾ, ನಿನ್ನ ದವಾಖಾನಿ ಕಾರ್ಡ್ ಬಂದೈತಿ, ಅಷ್ಟ" ಅಂದೆ.

"ಕಿಡಕ್ಯಾಗ ಒಗದು ಹೋಗು."

ಕಿಟಕಿಯ ಸರಳಿನ ಸಂದಿಯಲ್ಲಿ ಕಾರ್ಡು ತೂರಿಸಿ ಬಂದೆ. ಆಮೇಲೆ ನಾನೂ ಕೆಲವು ರೂಢಿ ಮಾಡಿಕೊಂಡೆ. ಸೈನ್ಯದ ಬಿಲ್ಲೆಯಿದ್ದ ಟೋಪಿ ಹಾಕುವುದು ಬಿಟ್ಟೆ. ಗೊತ್ತುಮಾಡಿದ ವಾರ ಬಿಟ್ಟು ಬೇರೆ ದಿನ ಯಾವ ಹಳ್ಳಿಗೂ ಹೋಗುತ್ತಿರಲಿಲ್ಲ. ಮನೆ ಇನ್ನೂ ದೂರ ಇರುವಾಗಲೇ "ಕಾಗದದ ಕೆಲಸ ಐತ್ರೀ, ಬರೇ ಕಾಗದದ ಕೆಲಸ" ಅಂತ ಕೂಗುತ್ತ ಹೋಗುತ್ತಿದ್ದೆ. ಹಾಗಿದ್ದೂ ಎದುರಿಗೆ ಬಂದ ಪ್ರತಿ ಮುಖದಲ್ಲೂ ಒಂದು ಕ್ಷಣ ರಕ್ತ ಇಂಗಿದ್ದು ಕಾಣುತ್ತಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕೆಟ್ಟ ಸುದ್ದಿ ತರುತ್ತಾನೆಂದು ಅವರೆಲ್ಲ ಹೆದರುತ್ತಿದ್ದ ಆ ಮನುಷ್ಯ ನಾನು. ಆದರೆ ಅವರಿಗಿಂತ ಹೆಚ್ಚು ಹೆದರಿದವನೂ ನಾನೇ ಅಂತ ಯಾರಿಗೆ ಹೇಳಲಿ?

ಆ ಕರೆ ಬಂದದ್ದು ಒಂದು ಶನಿವಾರ ಮುಂಜಾನೆ. ಜಿಲ್ಲೆಯ ಕಚೇರಿಯಿಂದ ಒಬ್ಬ ಹುಡುಗಿ ಮಾತಾಡಿದಳು. ದಿನಾ ನಗುತ್ತ ಮಾತಾಡುವವಳು ಅವತ್ತು ನಗಲಿಲ್ಲ.

"ಸರ್, ಕೂತ್ಕೊಂಡೀರೇನ್ರಿ?"

"ಹೇಳವ್ವ."

"ನಿಮ್ಮ ಭಾಗದ ಒಬ್ಬ ಜವಾನ್ರಿಗೆ ಭಾಳ ಗಾಯ ಆಗೈತಂತ್ರಿ. ಆಸ್ಪತ್ರಿಗೆ ಒಯ್ದಾರ. ಪಲ್ಟಣದಿಂದ ಮನಿಗೆ ಫೋನ್ ಮಾಡಾಕತ್ತಾರ, ಹತ್ತವಲ್ದು. ಮನಿ ಹುಡುಕಿ ತಿಳಿಸ್ರಿ ಅಂತ ಹೇಳ್ಯಾರ. ಹೆಸರು ಬಸವರಾಜ, ಎಸ್. ರೋಣ."

ನಾನು ಗೋಡೆಗೆ ಒರಗಿದೆ. "ಎಸ್ ಅಂದ್ರ ಪೂರಾ ಏನವ್ವ? ಊರು ಯಾವ್ದು?"

"ಅಷ್ಟ ಬಂದೈತ್ರಿ. ಪೂರಾ ಕಾಗದ ಸೋಮವಾರ ಬರಬಹುದು. ಸರ್ವಿಸ್ ನಂಬರ್ ಐತಿ, ಬರ್ಕೊಳ್ರಿ. ಮತ್ತ ಸರ್... ಖಾತ್ರಿ ಆಗೂತನಕ ಯಾರಿಗೂ ಹೇಳಬ್ಯಾಡ್ರಿ."

ನಂಬರು ಬರೆದುಕೊಂಡೆ. ಪಲ್ಟಣದವರು ಮನೆಗೆಂದು ಮಾಡುತ್ತಿದ್ದ ಫೋನ್ ನಂಬರನ್ನೂ ಕೇಳಿ ಬರೆದುಕೊಂಡು ನನ್ನ ಪುಸ್ತಕ ತೆಗೆದು ನೋಡಿದೆ. ಅದರಲ್ಲಿ ಫೋನ್ ನಂಬರು ಬರೆದಿಡುವ ರೂಢಿಯೇ ನನಗಿರಲಿಲ್ಲ, ಅದು ಯಾರ ಮನೆಯದೋ ತಿಳಿಯಲಿಲ್ಲ. ಆದರೆ ಬಸವರಾಜ ಎಸ್. ಅನ್ನುವವರು ಪುಸ್ತಕದಲ್ಲಿ ಇಬ್ಬರಿದ್ದರು. ಒಬ್ಬ ಮುಶಿಗೇರಿಯ ಶಿವಪ್ಪನ ಮಗ, ಹೆಂಡತಿ ಇದ್ದಾಳೆ, ಒಂದು ಹೆಣ್ಣು ಕೂಸು. ಇನ್ನೊಬ್ಬ ಯಾವಗಲ್ಲಿನ ಸಂಗಪ್ಪನ ಮಗ, ಮದುವೆಯಾಗಿಲ್ಲ, ತಂದೆ ತಾಯಿಗೆ ಒಬ್ಬನೇ. ಇಬ್ಬರ ಸರ್ವಿಸ್ ನಂಬರನ್ನೂ ನಾನು ಬರೆದಿಟ್ಟುಕೊಂಡಿರಲಿಲ್ಲ. ಜೀವಮಾನವೆಲ್ಲ ನಂಬರು ಬರೆದವನು, ಈ ಪುಸ್ತಕದಲ್ಲಿ ಮಾತ್ರ ಹೆಸರು, ಮಕ್ಕಳು, ಮನೆಯ ಗುರುತು ಬರೆದಿದ್ದೆ. ಅದು ನನ್ನ ಹೆಮ್ಮೆಯೂ ಆಗಿತ್ತು.

ಯಾರಿಂದಾದರೂ ಫೋನ್ ನಂಬರು ಪಡೆದು ಕೇಳಬಹುದಿತ್ತು. ಆದರೆ ಇಂಥ ದಿನಗಳಲ್ಲಿ ಸುಬೇದಾರ ಕಾಕಾ ಫೋನ್ ಮಾಡಿ ನಿನ್ನ ಗಂಡನ ನಂಬರೇನು ಅಂತ ಕೇಳಿದರೆ, ಆ ಹೆಣ್ಣುಮಗಳು ಫೋನ್ ಹಿಡಿದ ಜಾಗದಲ್ಲೇ ಕುಸಿದರೆ, ಹಿಡಿಯುವವರು ಯಾರು? ಹೋಗಲೇಬೇಕಿತ್ತು.

ಶಾಂತವ್ವ ಬಾಗಿಲಲ್ಲಿ ನಿಂತಿದ್ದಳು. "ಯಾರ್ದು?" ಅಂದಳು.

"ಗೊತ್ತಿಲ್ಲ. ಇಬ್ಬರೊಳಗ ಒಬ್ಬರ್ದು."

"ಯಾವಗಲ್ಲದ ಬಸುಂದಂತೂ ಅಲ್ಲಲ್ಲ?"

ನಾನು ಚಪ್ಪಲಿ ಮೆಟ್ಟಿದೆ. ಯಾವಗಲ್ಲಿನ ಬಸವರಾಜ ನಮಗೆ ಬಸು. ಪಿಯುಸಿ ಮುಗಿಸಿ ಸಂಗಪ್ಪನ ಟ್ರ್ಯಾಕ್ಟರ್ ಹೊಡೆದುಕೊಂಡಿದ್ದ ಹುಡುಗ. ಸೈನ್ಯಕ್ಕೆ ಸೇರು ಅಂತ ಅವನ ತಲೆಯಲ್ಲಿ ತುಂಬಿದವನು ನಾನು. ಅವನ ಅರ್ಜಿ ತುಂಬಿದವನು ನಾನು. ಮುಂಜಾನೆ ಐದಕ್ಕೆ ನರಗುಂದದ ರಸ್ತೆಯಲ್ಲಿ ಅವನು ಓಡುವಾಗ ಕೈಗಡಿಯಾರ ಹಿಡಿದು ನಿಂತವನು ನಾನು. ಅವನ ತಾಯಿ ನೀಲವ್ವ ಮೊದಲು ಒಪ್ಪಿರಲಿಲ್ಲ. "ನೀವಾದ್ರ ಇಪ್ಪತ್ತಾರು ವರ್ಷ ಇದ್ದು ಆರಾಮ ಬಂದೀರಲ್ಲ, ಹೋಗಲಿ ಬಿಡ್ರಿ" ಅಂದು ಕೊನೆಗೆ ಒಪ್ಪಿದ್ದಳು. ನಾನು ಎಲ್ಲಿದ್ದು ಆರಾಮ ಬಂದೆ ಅನ್ನುವುದನ್ನು ಅವಳಿಗೆ ಬಿಡಿಸಿ ಹೇಳಿರಲಿಲ್ಲ.

ರೋಣದ ನಿಲ್ದಾಣದಲ್ಲಿ ಎರಡು ಬಸ್ಸು ನಿಂತಿದ್ದವು. ಒಂದು ಯಾವಗಲ್ ಮೇಲೆ ನರಗುಂದಕ್ಕೆ, ಇನ್ನೊಂದು ಮುಶಿಗೇರಿಯಿರುವ ಗಜೇಂದ್ರಗಡದ ಕಡೆಗೆ. ಯಾವಗಲ್ ಬಸ್ಸಿನ ಕಂಡಕ್ಟರ್ ನನ್ನ ಗುರುತಿನವನು. "ಬರ್ರಿ ಸುಬೇದಾರ್ರ, ಜಾಗಾ ಐತಿ" ಅಂದ. ನಾನು ಹೋಗಿ ಗಜೇಂದ್ರಗಡದ ಬಸ್ಸು ಹತ್ತಿದೆ.

ಅಲ್ಲಿ ನಡೆದದ್ದನ್ನು ನಾನು ಹೇಳಲೇಬೇಕು. ಬಸ್ಸು ಊರು ದಾಟಿತು. ಎರಡೂ ಕಡೆ ಎರೆಹೊಲ, ಎದೆಯುದ್ದ ಎದ್ದ ಜೋಳ, ಕುಸುಬೆ, ದೂರದ ಗುಡ್ಡದ ಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳ ಬಿಳಿ ರೆಕ್ಕೆಗಳು. ಚಳಿಗಾಲದ ತಿಳಿ ಬಿಸಿಲು. ನಾನು ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದೆ. ಬಾಯಿ ತಾನಾಗಿ ಏನೋ ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಏನು ಅನ್ನುತ್ತಿದೆ ಅಂತ ನನಗೇ ಕೇಳಿಸಿತು. ಮುಶಿಗೇರಿದಾಗಲಿ, ಶಿವನೇ. ಯಾವಗಲ್ಲದ್ದು ಆಗೂದು ಬ್ಯಾಡ. ಮುಶಿಗೇರಿದಾಗಲಿ.

ಒಂದು ಪುಟ್ಟ ಕೂಸಿನ ತಂದೆಯ ಮೈಮೇಲೆ ಆ ಗಾಯ ಇರಲಿ ಅಂತ ನಾನು ಬೇಡಿಕೊಳ್ಳುತ್ತಿದ್ದೆ. ಗೊತ್ತಾದ ಮೇಲೂ ಬಾಯಿ ನಿಲ್ಲಲಿಲ್ಲ.

ಮುಶಿಗೇರಿಯಲ್ಲಿ ಬಸವರಾಜನ ಹೆಂಡತಿ ರೇಣುಕಾ ಆಶಾ ಕಾರ್ಯಕರ್ತೆ. ಬಸುರಿ ಬಾಣಂತಿಯರ ಮನೆಮನೆ ತಿರುಗುವವಳು. ಮಾತು ಚುರುಕು, ಕಣ್ಣು ಇನ್ನೂ ಚುರುಕು. ನಾನು ಹೋದಾಗ ಗುಲಾಬಿ ಸೀರೆ ಉಟ್ಟು, ಕೂಸುಗಳ ಲಸಿಕೆಯ ಪುಸ್ತಕ ಮುಂದಿಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಅವಳ ಅತ್ತೆ ಗೌರವ್ವ ಮೊಮ್ಮಗಳಿಗೆ ತಲೆ ಬಾಚುತ್ತಿದ್ದಳು.

"ಕಾಗದದ ಕೆಲಸ ಐತವ್ವ" ಅಂದೆ. ನನ್ನ ದನಿ ನನಗೇ ಬೇರೆ ಕೇಳಿಸಿತು.

"ಇವತ್ತ ಶನಿವಾರ ಕಾಕಾ" ಅಂದಳು ರೇಣುಕಾ.

"ಹೌದು. ಸಾಲಿ ಫೀ ಮಾಫಿದು ಫಾರ್ಮ್ ಬಂದೈತಿ. ಲಗೂ ತುಂಬಬೇಕು. ಬಸವರಾಜನ ಸರ್ವಿಸ್ ನಂಬರ್ ಬೇಕಾಗಿತ್ತು."

"ಯಾರ ಸಾಲಿದು?"

"ನಿನ್ನ ಮಗಳ್ದು."

"ಆಕೀಗಿನ್ನಾ ಮೂರು ತುಂಬಿಲ್ಲ."

ಅವಳು ನನ್ನನ್ನೇ ನೋಡಿದಳು. ಮುಖದಲ್ಲಿದ್ದ ಬಣ್ಣ ಮೆಲ್ಲಗೆ ಇಳಿಯಿತು. ಆದರೆ ಕೂಗಲಿಲ್ಲ. ಅತ್ತೆಯ ಕಡೆ ತಿರುಗಿ, "ಅತ್ತಿ, ಕಾಕಾರಿಗೆ ಚಾ ಮಾಡಬೇಕು, ಸಕ್ರಿ ಇಲ್ಲ. ಕೂಸಿನ ಕರ್ಕೊಂಡು ಅಂಗಡಿಗೆ ಹೋಗಿ ಬರ್ರಿ" ಅಂದಳು. ಅತ್ತೆ ಹೋದದ್ದನ್ನು ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಳಗೆ ಹೋಗಿ ಟ್ರಂಕಿನಿಂದ ಒಂದು ಕಾಗದ ತಂದಳು. ನಾನು ಕೈ ಚಾಚಿದೆ. ಕೊಡಲಿಲ್ಲ. ಎದೆಗೆ ಒತ್ತಿ ಹಿಡಿದುಕೊಂಡಳು.

"ನಿಮ್ಮ ಕಿಸೆದಾಗ ಒಂದು ನಂಬರ್ ಐತಿ. ಹೌದಿಲ್ಲ?"

"ರೇಣುಕಾ, ಅದು..."

"ಓದ್ರಿ. ನೀವು ಓದ್ರಿ, ನಾ ಇದ್ರಾಗ ನೋಡ್ತೀನಿ."

ನನಗೆ ಹೇಳಿದ್ದು ಯಾರಿಗೂ ಹೇಳಬೇಡ ಅಂತ. ಆದರೆ ಅವಳ ಮುಂದೆ ನಿಂತು ಇಲ್ಲ ಅನ್ನುವ ಧೈರ್ಯ ನನಗಿರಲಿಲ್ಲ. ಚೀಟಿ ತೆಗೆದೆ. ಕನ್ನಡಕ ಹಾಕಿಕೊಂಡೆ. ಒಂದೊಂದಾಗಿ ಓದಿದೆ. ಅವಳು ಬೆರಳಿಟ್ಟು ನೋಡುತ್ತ ಪ್ರತಿ ಅಂಕಿಗೂ "ಹೂಂ" ಅನ್ನುತ್ತಿದ್ದಳು. ಮೊದಲನೇದು, ಹೂಂ. ಎರಡನೇದು, ಹೂಂ. ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ಒಂದೇ ಪಲ್ಟಣಕ್ಕೆ ಸೇರಿದವರು; ಮೊದಲ ಅಂಕಿಗಳು ಕೂಡುತ್ತವೆ ಅಂತ ಗುಮಾಸ್ತನಾದ ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಮೂರನೇದು, ಹೂಂ. ನಾಲ್ಕನೇದಕ್ಕೆ ಅವಳ ತಲೆಯಷ್ಟೇ ಹೌದೆಂದು ಅಲ್ಲಾಡಿತು. ಐದನೇದಕ್ಕೆ ಕಣ್ಣು ಮುಚ್ಚಿ ತೆರೆದಳು.

ಆರನೇ ಅಂಕಿ ಓದಿದೆ. ಉತ್ತರ ಬರಲಿಲ್ಲ.

"ಇನ್ನೊಮ್ಮೆ ಓದ್ರಿ" ಅಂದಳು.

"ನಾಲ್ಕು."

"ಇಲ್ಲಿ ಏಳು ಐತಿ." ಕಾಗದವನ್ನು ನನ್ನ ಮುಖದ ಹತ್ತಿರ ತಂದಳು. "ಏಳು ಅಲ್ಲೇನ್ರಿ ಇದು? ನೋಡ್ರಿ. ನೀವ ನೋಡ್ರಿ."

ಏಳೇ ಇತ್ತು. ಉಳಿದ ಅಂಕಿಗಳೂ ಕೂಡಲಿಲ್ಲ. ರೇಣುಕಾ ನೆಲಕ್ಕೆ ಕೂತಳು. ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು, ಅರ್ಧ ಸೀರೆಯ ಮೇಲೆ ಚೆಲ್ಲಿತು. ಆಮೇಲೆ ನನ್ನ ಮುಖ ನೋಡಿ ಬೆಚ್ಚಿದಳು. ನನ್ನ ಮುಖ ಹೇಗಿತ್ತೋ! ಅವಳಿಗೆ ಬಂದ ಜೀವ ನನ್ನಿಂದ ಹೋಗಿತ್ತು.

"ಯಾರ್ದು ಕಾಕಾ?"

"ಯಾವಗಲ್ಲದ ಸಂಗಪ್ಪನ ಮಗ. ಅವ್ನೂ ಬಸವರಾಜನ. ಗಾಯ ಆಗೈತಿ, ಆಸ್ಪತ್ರಿಯೊಳಗ ಅದಾನ. ಈಗ ನಾ ಹೋಗಿ ಹೇಳಬೇಕು."

"ಒಬ್ಬರ?"

"ಮತ್ಯಾರು?"

ಅವಳು ಎದ್ದು ಮುಖ ತೊಳೆದು ಬಂದಳು. ಅಷ್ಟರಲ್ಲಿ ಗೌರವ್ವ ಸಕ್ಕರೆ ತಂದಳು. "ಅತ್ತಿ, ಕೂಸಿನ ನೋಡ್ಕೊಳ್ರಿ. ನಾ ಕಾಕಾರ ಕೂಡ ಯಾವಗಲ್ಲಿಗೆ ಹೋಗಿ ಸಂಜಿಗೆ ಬರ್ತೀನಿ" ಅಂದಳು. ಯಾಕೆ ಅಂತ ಗೌರವ್ವ ಕೇಳಿದ್ದಕ್ಕೆ, "ಅಲ್ಲೊಬ್ಬ ತಾಯಿಗೆ ನಾ ಬೇಕಾಗೀನಿ" ಅಂದಳಷ್ಟೆ. ಆಶಾ ಕೆಲಸದವಳ ಅತ್ತೆಯಾಗಿ ಗೌರವ್ವ ಇಂಥ ಮಾತು ಎಷ್ಟೋ ಸಲ ಕೇಳಿದ್ದಳು. ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಒಂದು ಟ್ರ್ಯಾಕ್ಟರ್ ನಮ್ಮನ್ನು ದೊಡ್ಡ ರಸ್ತೆಗೆ ಬಿಟ್ಟಿತು. ಅಲ್ಲಿಂದ ರೋಣ, ರೋಣದಿಂದ ಯಾವಗಲ್ ಬಸ್ಸು. ದಾರಿಯಲ್ಲಿ ಅವಳು ಕೇಳಿದಳು:

"ಹೋಗಿ ಏನಂತೀರಿ?"

"ಗಾಯ ಆಗೈತಿ ಅಂತ."

"ಹಂಗನಬ್ಯಾಡ್ರಿ. ಮೊದಲನೇ ಮಾತು ಜೀವಂತ ಅದಾನ ಅನ್ರಿ. ಉಳಿದದ್ದೆಲ್ಲ ಅದರ ಹಿಂದ."

ನನಗದು ಸರಿ ಅನ್ನಿಸಿತು. ಜೀವಂತ ಅದಾನ, ಜೀವಂತ ಅದಾನ ಅಂತ ಮನಸ್ಸಿನಲ್ಲೇ ಪಾಠ ಮಾಡುತ್ತ ಇಳಿದೆ.

ಸಂಗಪ್ಪನ ಹೊಲ ಊರ ಮಗ್ಗುಲಲ್ಲೇ. ಮನೆಗೆ ಬೀಗ ಇತ್ತು, ಇಬ್ಬರೂ ಹೊಲದಲ್ಲಿದ್ದಾರೆ ಅಂತ ಪಕ್ಕದವರು ಹೇಳಿದರು. ಹೊಲದ ತುಂಬ ಕಡಲೆ ಕಾಯಿ ಕಟ್ಟಿ ನಿಂತಿತ್ತು. ಮಧ್ಯಾಹ್ನ ಆಗಿದ್ದರೂ ಆ ಹುಳಿ ವಾಸನೆ ಬದುವಿನವರೆಗೂ ಬರುತ್ತಿತ್ತು. ಅವತ್ತು ಅದು ನನ್ನೊಳಗೆ ಇಳಿದದ್ದು ಇವತ್ತಿಗೂ ಹೋಗಿಲ್ಲ. ನೀಲವ್ವ ಮಡಿಲಲ್ಲಿ ಹಸಿ ಕಡಲೆಯ ಸುಲಗಾಯಿ ತುಂಬಿಕೊಂಡು ಬರುತ್ತಿದ್ದಳು. ಮೂರು ತಾಲೂಕಿನಲ್ಲಿ ಆ ಹಂಗಾಮಿನಲ್ಲಿ ನನ್ನನ್ನು ನೋಡಿ ಹೆದರದೆ ಇದ್ದವಳು ಅವಳೊಬ್ಬಳೇ. ನಾನು ಅಂದರೆ ಅವಳಿಗೆ ಮಗನನ್ನು ದಡ ಹತ್ತಿಸಿದವನು.

"ಬರ್ರಿ ಸುಬೇದಾರ್ರ!" ಅಂತ ದೂರದಿಂದಲೇ ಕೂಗಿದಳು. "ಚಲೋ ಟೈಮಿಗೆ ಬಂದ್ರಿ. ಕಡ್ಲಿ ಸುಡ್ತೀನಿ, ಕುಂದರ್ರಿ. ಇವರ ಫೋನ್ ಕೆಟ್ಟು ತಿಂಗಳಾತು, ನೀರಿನ ಡ್ರಮ್ಮಿನಾಗ ಬಿದ್ದು. ಹಳೇ ನಂಬರ್ ಹೋತು, ಹೊಸಾ ನಂಬರ್ ಬಸುಗ ಗೊತ್ತಿಲ್ಲ. ನಿಮ್ಮ ಕೈಲೆ ತಿಳಸಬೇಕಂತ ಮಾಡಿದ್ದೆ. ಈಕಿ ಯಾರು, ನಿಮ್ಮ ತಂಗಿ ಮಗಳೇನು?"

ಪಾಠ ಮಾಡಿಕೊಂಡ ಮಾತು ನಾಲಿಗೆಗೆ ಬರಲಿಲ್ಲ. ರೇಣುಕಾ ಮುಂದೆ ಹೋಗಿ ನೀಲವ್ವನ ಕೈ ಹಿಡಿದಳು. ಹಿಡಿದು ನನ್ನ ಕಡೆ ನೋಡಿದಳು. ಹೇಳಬೇಕಾದವನು ನಾನು.

"ನೀಲವ್ವ, ಬಸು ಜೀವಂತ ಅದಾನ" ಅಂದೆ.

ಮಡಿಲು ಜಾರಿ ಕಾಯಿಗಳು ನೆಲಕ್ಕೆ ಬಿದ್ದವು.

"ಜೀವಂತ ಅದಾನ ಅಂದ್ರ?" ಅವಳ ದನಿ ಬಹಳ ಸಣ್ಣದಿತ್ತು. "ಜೀವಂತ ಇರೂದು ನಂಗ ಗೊತ್ತೈತಿ. ಅದನ್ಯಾಕ ಬಂದು ಹೇಳ್ತೀರಿ?"

ಆರಾಮಾಗಿರುವವನ ಬಗ್ಗೆ ಯಾರೂ ಹಾಗೆ ಹೇಳುವುದಿಲ್ಲ ಅನ್ನುವುದು ನನಗಾಗಲಿ ರೇಣುಕಾಳಿಗಾಗಲಿ ಹೊಳೆದಿರಲಿಲ್ಲ. ನಾನು ಗಾಯದ ಮಾತು ಹೇಳಿದೆ. ಎಲ್ಲಿಗೆ, ಎಷ್ಟು ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವಳು ಅಳಲಿಲ್ಲ. ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಮತ್ತೆ ಎರಡು ಹೆಜ್ಜೆ. ನಾವು ಅವಳ ಕಡೆ ಬರುತ್ತೇವೇನೋ ಅನ್ನುವ ಹಾಗೆ ಕೈ ಅಡ್ಡ ಹಿಡಿದುಕೊಂಡು, ಹೊಲದ ಆಚೆ ತುದಿಯಲ್ಲಿದ್ದ ಗಂಡನನ್ನು ಕೂಗಿದಳು. ಆ ಕೂಗು ಕೇಳಿ ಸಂಗಪ್ಪ ಗಿಡ ತುಳಿಯುತ್ತ ಓಡಿ ಬಂದ. ಬದುವಿನ ಮೇಲೆ ನನ್ನನ್ನು ನೋಡಿದವನೇ ಅಲ್ಲೇ, ಹೊಲದ ನಡುವೆಯೇ ನಿಂತುಬಿಟ್ಟ. ಮುಂದೆ ಬರಲಿಲ್ಲ.

ಸಂಜೆ ಹೊತ್ತಿಗೆ ಆಸ್ಪತ್ರೆಯಿಂದ ನನ್ನ ಫೋನಿಗೆ ಕರೆ ಬಂದಿತು. ಎಡಗಾಲು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ, ಇನ್ನೂ ಮೂರು ದಿನ ಏನೂ ಹೇಳಲಾಗದು ಅಂದರು. ಆ ಮೂರು ದಿನ ರೇಣುಕಾ ಯಾವಗಲ್ಲಿನಲ್ಲೇ ಉಳಿದಳು. ನಾನು ಸಂಗಪ್ಪನನ್ನು ಕರೆದುಕೊಂಡು ಗದಗಿನಿಂದ ರೈಲು ಹತ್ತಿದೆ. ದಾರಿಯುದ್ದಕ್ಕೂ ನನ್ನ ಫೋನು ಸದ್ದು ಮಾಡಿದರೆ ಇಬ್ಬರೂ ಅದನ್ನು ನೋಡುತ್ತ ಕೂರುತ್ತಿದ್ದೆವು. ಎತ್ತುವ ಮೊದಲು ಸಂಗಪ್ಪ ಎದ್ದು ಬಾಗಿಲ ಕಡೆ ಹೋಗಿ ನಿಲ್ಲುತ್ತಿದ್ದ. ಬೇರೆ ಯಾರದೋ ಕರೆ ಅಂತ ನಾನು ಕೈ ಮಾಡಿದ ಮೇಲೆ ಬರುತ್ತಿದ್ದ. ಎರಡು ದಿನದ ದಾರಿಯಲ್ಲಿ ಅವನು ನನಗೆ ಒಂದೇ ಒಂದು ಮಾತು ಕೇಳಿದ. "ಅಂವ ಓಡೂದರಾಗ ಭಾಳ ಚುರುಕಿದ್ದ. ಹೌದಿಲ್ರಿ?" ನಾನು ಹೌದು ಅಂದೆ.

ಆಸ್ಪತ್ರೆಯ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಸಂಗಪ್ಪ ಕೂತುಬಿಟ್ಟ. ಒಳಗೆ ಬರಲೊಲ್ಲ. "ನೀವು ನೋಡಿ ಬರ್ರಿ. ನನ್ನ ಮಗನ ಹೌದೋ ಅಲ್ಲೋ ನೋಡಿ ಬರ್ರಿ" ಅಂದ. ಅವನ ಮನಸ್ಸಿನ ಯಾವುದೋ ಮೂಲೆಯಲ್ಲಿ, ಒಂದೇ ಹೆಸರಿನ ಇನ್ನೊಬ್ಬ ಇರಬಹುದು ಅನ್ನುವ ಆಸೆ ಇನ್ನೂ ಇತ್ತು.

ನಾನು ಹೋದೆ. ಬಸುವಿನ ಮುಖ ಸೊರಗಿತ್ತು, ಒಂದು ಕಿವಿಗೆ ಬಟ್ಟೆ ಕಟ್ಟಿದ್ದರು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ನನ್ನನ್ನು ಗುರುತಿಸಿದ.

"ಕಾಕಾ, ಅವ್ವಗ ಗೊತ್ತಾತೇನು?"

"ಗೊತ್ತಾತಪಾ."

"ಯಾರು ಹೇಳಿದ್ರು?"

"ನಾನ."

ಅವನು ನನ್ನನ್ನು ನೋಡಿ "ಪಾಪ" ಅಂದ. ಯಾರಿಗೆ ಅಂದನೋ, ಅವನ ತಾಯಿಗೋ ನನಗೋ, ತಿಳಿಯಲಿಲ್ಲ. ನಾನು ಹೊರಗೆ ಬಂದು ಸಂಗಪ್ಪನ ತೋಳು ಹಿಡಿದು ಎಬ್ಬಿಸಿದೆ. ಬಾಗಿಲವರೆಗೆ ಅವನು ನನ್ನ ಮೇಲೆ ಭಾರ ಬಿಟ್ಟು ನಡೆದ. ಮಗನನ್ನು ಕಂಡೊಡನೆ ನನ್ನ ಕೈ ಬಿಡಿಸಿಕೊಂಡು ಒಬ್ಬನೇ ಹೋದ.

ಊರಿಗೆ ಬಂದು ವಾರದ ಮೇಲೆ ರೇಣುಕಾ ರೋಣದ ನಮ್ಮ ಕೋಣೆಗೆ ಬಂದಳು. ಗಡಿಯ ಗದ್ದಲ ಇನ್ನೂ ಪೂರ್ತಿ ನಿಂತಿರಲಿಲ್ಲ. "ನಿಮ್ಮ ಪುಸ್ತಕ ಕೊಡ್ರಿ, ಎಲ್ಲಾ ಮನಿದೂ ಸರ್ವಿಸ್ ನಂಬರ್ ಬರ್ಕೊಂಡು ಬರ್ತೀನಿ. ಹೆಣಮಕ್ಕಳು ನನ್ನ ನೋಡಿ ಅಂಜೂದಿಲ್ಲ" ಅಂದಳು. ನಾನು ಪುಸ್ತಕ ಕೊಟ್ಟೆ. ಆದರೆ ಅವಳ ಋಣದಲ್ಲಿದ್ದು ಒಂದು ಮಾತು ಮುಚ್ಚಿಟ್ಟುಕೊಂಡು ಕೂರುವುದು ನನ್ನಿಂದ ಆಗಲಿಲ್ಲ. ಅವತ್ತು ಬಸ್ಸಿನಲ್ಲಿ ನಾನು ಬೇಡಿಕೊಂಡದ್ದನ್ನು ಹೇಳಿಬಿಟ್ಟೆ. ನಿನ್ನ ಗಂಡನ ಮೇಲೆ ಬರಲಿ ಅಂತ ಬೇಡಿಕೊಂಡೆನವ್ವ, ಊರು ಬರೂತನಕ ಅದನ್ನೇ ಅಂದೆ.

ಅವಳು ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಆಗಿದ್ದರೆ ಚೆನ್ನಾಗಿತ್ತು. ಪುಸ್ತಕದ ಅಂಚು ಸವರುತ್ತ ಕೂತಳು.

"ನೀವು ಒಂದೊಂದ ಅಂಕಿ ಓದಾಕತ್ತಿದ್ರಲ್ಲ" ಅಂದಳು, "ಆವಾಗ ನಾನೂ ಬೇಡ್ಕೊಳ್ಳಾಕತ್ತಿದ್ದೆ ಕಾಕಾ. ಬ್ಯಾರೆ ಯಾವ ಮನಿದರ ಆಗ್ಲಿ, ನಮ್ಮದು ಬ್ಯಾಡ ಅಂತ. ಬ್ಯಾರೆ ಮನಿದಾತು. ಅದಕ್ಕ ನಿಮ್ಮ ಬೆನ್ನ ಹತ್ತಿ ಬಂದೆ. ನೀಲಕ್ಕನ ಕೈ ಹಿಡಿದಿದ್ದು ಆಕೀನ ಬೀಳಗೊಡಬಾರದಂತ ಅಲ್ಲ, ನಾ ಬೀಳಬಾರದಂತ."

ಇಬ್ಬರೂ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಕೂಡಿಯೇ ಕೆಲಸ ಮಾಡುತ್ತಿದ್ದೇವೆ.

ಬಸು ಊರಿಗೆ ಬರುವ ಹೊತ್ತಿಗೆ ಬೇಸಿಗೆ ಮುಗಿದಿತ್ತು. ಹುಡುಗರು ಪಟಾಕಿ ತಂದಿದ್ದರು. ಆ ಸದ್ದು ಬಸುವಿಗೆ ಬೇಡವೆಂದು ರೇಣುಕಾ ಮೊದಲೇ ಹೋಗಿ ಎಲ್ಲವನ್ನೂ ಕಸಿದುಕೊಂಡು ಬಕೆಟ್ಟಿನ ನೀರಿಗೆ ಹಾಕಿದಳು. ನಾನು ಜನರ ಹಿಂದೆ ನಿಂತಿದ್ದೆ. ನೀಲವ್ವ ಮಗನಿಗೆ ಆರತಿ ಎತ್ತುವಾಗ ಅವಳ ಕಣ್ಣು ಜನರ ಮೇಲಿಂದ ಹಾಯ್ದು ನನ್ನ ಮೇಲೆ ಬಿತ್ತು. ಆರತಿಯ ತಟ್ಟೆ ಅಲುಗಿ ದೀಪ ಆರಿತು. ನಾನು ಅಲ್ಲಿಂದಲೇ ಹಿಂದಕ್ಕೆ ಬಂದೆ. ಮರುವಾರ ಅವಳು ರೇಣುಕಾಳ ಕೈಯಲ್ಲಿ ಹೇಳಿ ಕಳಿಸಿದಳು: "ಸುಬೇದಾರ್ರ ಮ್ಯಾಲ ನಂಗ ಸಿಟ್ಟಿಲ್ಲ. ಅವರನ್ನ ನೋಡಿದ್ರ ಕಾಲಾಗಿನ ಶಕ್ತಿ ಹೋಗ್ತೈತಿ. ಅವರು ಬರೂದು ಬ್ಯಾಡ." ಹೀಗಾಗಿ ಬಸುವಿನ ಪಿಂಚಣಿ, ಕೃತಕ ಕಾಲು, ಎಲ್ಲದರ ಕಾಗದ ನಾನು ರೋಣದಲ್ಲಿ ಕೂತು ತಯಾರು ಮಾಡುತ್ತಿದ್ದೆ, ಯಾವಗಲ್ಲಿಗೆ ರೇಣುಕಾ ಒಯ್ಯುತ್ತಿದ್ದಳು. ನನಗೂ ಅದೇ ಬೇಕಾಗಿತ್ತು. ಆ ಬಸ್ಸು ಹತ್ತಲು ನನಗೆ ಧೈರ್ಯವಿರಲಿಲ್ಲ.

ಹೀಗೇ ಮಳೆಗಾಲ ಕಳೆಯಿತು, ಮತ್ತೊಂದು ಹಿಂಗಾರಿ ಬಂದಿತು. ಒಂದು ದಿನ ಬಸು ತಾನೇ ನಮ್ಮ ಕೋಣೆಗೆ ಬಂದ. ಹೊಸ ಕಾಲಿನ ಮೇಲೆ ನಿಲ್ಲುವುದು ರೂಢಿಯಾಗಿತ್ತು. ಸಹಿ ಮಾಡುವ ಕೆಲಸ ಮುಗಿದ ಮೇಲೂ ಹೋಗಲಿಲ್ಲ.

"ಏಳ್ರಿ ಕಾಕಾ, ಮನಿಗೆ ಹೋಗೂಣು."

"ಬ್ಯಾಡಪಾ. ನಿಮ್ಮವ್ವಗ ಆಗಿ ಬರೂದಿಲ್ಲ."

"ಎಷ್ಟ ವರ್ಷ ಹಿಂಗ? ಅವ್ವ ಓಣ್ಯಾಗ ಯಾರರ ಹೊಸಬರು ಬಂದ್ರ ಇನ್ನಾ ಒಳಗ ಓಡ್ತಾಳ. ನೀವು ಬರ್ಲಿಲ್ಲ ಅಂದ್ರ ಆಕೀ ಅಂಜಿಕಿ ಹೋಗೂದಿಲ್ಲ. ನಿಮ್ದೂ ಹೋಗೂದಿಲ್ಲ."

ಅವನ ಹಿಂದೆ ಬಸ್ಸು ಹತ್ತಿದೆ. ಯಾವಗಲ್ಲಿನಲ್ಲಿ ಇಳಿದು ಓಣಿಯಲ್ಲಿ ನಡೆಯುವಾಗ ನನ್ನ ಹೆಜ್ಜೆಗಿಂತ ಅವನ ಹೆಜ್ಜೆಯೇ ಗಟ್ಟಿಯಾಗಿತ್ತು. ಬಾಗಿಲ ಮುಂದೆ ನನ್ನನ್ನು ನಿಲ್ಲಿಸಿ, ತಾನು ನನ್ನ ಮಗ್ಗುಲಿಗೆ ಹೆಗಲು ತಾಗುವಷ್ಟು ಹತ್ತಿರ ನಿಂತ.

"ಅವ್ವಾ" ಅಂತ ಕೂಗಿದ. "ಸುಬೇದಾರ ಕಾ‌ಕಾ ಬಂದಾರ. ನಾ ಇಲ್ಲೇ ಅದೀನಿ. ಮೊದಲ ನನ್ನ ನೋಡು, ಆಮ್ಯಾಲ ಅವರನ್ನ ನೋಡು."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಆಮೇಲೆ ನೀಲವ್ವ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದಳು. ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅವನ ಮಣಿಕಟ್ಟು ಹಿಡಿದುಕೊಂಡಳು. ಹಿಟ್ಟು ಅವನ ತೋಳಿಗೆಲ್ಲ ಹತ್ತಿತು. ಹಿಡಿದ ಕೈ ಬಿಡದೆ ನನ್ನ ಕಡೆ ತಿರುಗಿದಳು.

"ಇವತ್ತ ಏನೂ ಸುದ್ದಿ ಇಲ್ಲಲ್ರಿ?" ಅಂದಳು.

"ಏನೂ ಇಲ್ಲ ನೀಲವ್ವ. ಸುಮ್ಮನ ಬಂದೀನಿ."

ನನ್ನ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ಪರೀಕ್ಷೆ ಮಾಡಿದಳು.

"ಹಂಗಾರ ಒಳಗ ಬರ್ರಿ" ಅಂದಳು.